ಅಮ್ಮನನ್ನು ಉಳಿಸಿದ ದೇವರು ಅಣ್ಣನನ್ನು ಯಾಕೆ ಉಳಿಸಲಿಲ್ಲ? "ಮಾರ್ಪಡದ ದೇವರು" ಅಂದರೆ ಏನು?

ತೋಟದಮನೆ
ಎಲ್ಲರಿಗೂ ವಂದನೆ. ಈ ಪ್ರಶ್ನೆಯನ್ನು ನಮ್ಮ ಚರ್ಚಿನ ಸಭೆಯಲ್ಲಿ ಕೇಳಿದರೆ "ನಂಬಿಕೆ ಸಾಲದು" ಅನ್ನೋ ಹಾಗೆ ಮುಖ ನೋಡುತ್ತಾರೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಅಮ್ಮನಿಗೆ ಸ್ತನ ಕ್ಯಾನ್ಸರ್ ಬಂದಿತ್ತು. ಆಪರೇಷನ್, ಕೀಮೋ ಎಲ್ಲಾ ಆಯಿತು. ಸಭೆಯವರು ಸರದಿ ಪ್ರಕಾರ ಉಪವಾಸ ಇದ್ದು ಪ್ರಾರ್ಥಿಸಿದರು. ಅಮ್ಮ ಗುಣವಾದರು. ಮನೆಯಲ್ಲಿ ಸ್ತೋತ್ರ ಕೂಟ ಇಟ್ಟೆವು, ಸಾಕ್ಷಿ ಹೇಳಿದೆವು, ಊರಿಗೆಲ್ಲ ಊಟ ಹಾಕಿದೆವು. ಆಮೇಲೆ ಅಣ್ಣನಿಗೆ ಕಿಡ್ನಿ ಕೈಕೊಟ್ಟಿತು. ಡಯಾಲಿಸಿಸ್‌ಗೆ ಅಂತ ಎಡಗೈಯಲ್ಲಿ ಎರಡು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ್ದರು. ಅದಕ್ಕೆ ಕಿವಿ ಇಟ್ಟರೆ ಗುಂಯ್ ಅಂತ ಸದ್ದು ಕೇಳುತ್ತಿತ್ತು. ಅವನ ಮಕ್ಕಳು "ಅಪ್ಪನ ಕೈಯಲ್ಲಿ ಜೇನುಹುಳ ಇದೆ" ಅಂತ ನಾನು ಮೊದಲು ತಾನು ಮೊದಲು ಅಂತ ಕಿತ್ತಾಡಿಕೊಂಡು ಕೇಳುತ್ತಿದ್ದರು. ಅದೇ ಸಭೆ, ಅದೇ ಉಪವಾಸ, ಅದೇ ಪ್ರಾರ್ಥನೆ. ಅಣ್ಣ ಹೋಗಿಬಿಟ್ಟ.

ಮಣ್ಣು ಮಾಡಿದ ದಿನ ಓದಿದ ವಾಕ್ಯ ಬೈಬಲ್‌ನ ಇಬ್ರಿಯ 13:8. ಯೇಸು ನಿನ್ನೆ ಇದ್ದ ಹಾಗೇ ಇವತ್ತೂ, ಎಂದೆಂದಿಗೂ. ಬಂದವರೆಲ್ಲ ಅದನ್ನೇ ಹೇಳಿ ಹೋದರು. "ದೇವರು ಮಾರ್ಪಡುವುದಿಲ್ಲ ಕಣಮ್ಮ, ಧೈರ್ಯವಾಗಿರು." ನನಗೆ ಧೈರ್ಯ ಬರಲಿಲ್ಲ, ಸಿಟ್ಟು ಬಂತು. ಮಾರ್ಪಡದವನಾದರೆ ಅಮ್ಮನಿಗೆ ಮಾಡಿದ್ದನ್ನೇ ಅಣ್ಣನಿಗೂ ಮಾಡಬೇಕಿತ್ತಲ್ವಾ? ಅತ್ತಿಗೆ ಈಗ ಚರ್ಚಿಗೇ ಬರುತ್ತಿಲ್ಲ. ಅವಳಿಗೆ ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ. ಉಪದೇಶ ಬೇಡ. ಈ ವಿಷಯ ತಲೆಗೆ ಹಚ್ಚಿಕೊಂಡು ಯೋಚಿಸಿದವರು ಯಾರಾದರೂ ಇದ್ದರೆ ಹೇಳಿ.

ಹಾಲೆಲೂಯ_ಹುಬ್ಬಳ್ಳಿ
ದೇವರ ಕಡೆಯಿಂದ ಬದಲಾವಣೆ ಇಲ್ಲ ಸಹೋದರಿ. ನಮ್ಮ ಕಡೆಯಿಂದ ಏನಾದರೂ ಅಡ್ಡ ಬಂತಾ ಅಂತ ಪರೀಕ್ಷೆ ಮಾಡಿಕೊಳ್ಳಬೇಕು. ಗುಪ್ತ ಪಾಪ ಇರಬಹುದು, ಅಪನಂಬಿಕೆ ಇರಬಹುದು. ದೇವರು ಆಶೀರ್ವದಿಸಲಿ.

ಗಲ್ಫ್_ನರ್ಸು
ಮೇಲಿನವರೇ, ಮಣ್ಣು ಇನ್ನೂ ಹಸಿ ಇರುವ ಮನೆಗೆ ಹೋಗಿ ಹೀಗೆ ಮಾತಾಡುತ್ತೀರಾ? ಯೋಹಾನ 9 ತೆಗೆದು ಓದಿ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ್ದೂ ಇದೇ. ಇವನು ಪಾಪ ಮಾಡಿದನೋ, ಇವನ ಅಪ್ಪ ಅಮ್ಮನೋ ಅಂತ. ಯೇಸು ಇಬ್ಬರೂ ಅಲ್ಲ ಅಂದರು.

ಅಕ್ಕ, ನಾನು ಡಯಾಲಿಸಿಸ್ ಯೂನಿಟ್‌ನಲ್ಲೇ ಕೆಲಸ ಮಾಡುವವಳು. ಆ ಗುಂಯ್ ಸದ್ದು ನಮಗೆ ದಿನಾ ಬೇಕು. ಬೆರಳಿಟ್ಟರೆ ಒಂಥರಾ ನಡುಕ ಸಿಗುತ್ತದೆ, ಅದು ಸಿಕ್ಕಿದರೆ ರಕ್ತ ಸರಿಯಾಗಿ ಓಡುತ್ತಿದೆ ಅಂತ. ನಿಂತಿತು ಅಂದರೆ ಡಾಕ್ಟರನ್ನು ಕರೀತೀವಿ. ಮಕ್ಕಳ ಮಾತು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಬಳ್ಳಾರಿ_ಬಿಸಿಲು
+1 ನರ್ಸಮ್ಮನಿಗೆ.

ಹಾಲೆಲೂಯ_ಹುಬ್ಬಳ್ಳಿ
ನಾನು ಯಾರನ್ನೂ ನೋಯಿಸೋಕೆ ಹೇಳಿಲ್ಲ. ವಾಕ್ಯದಲ್ಲಿ ಇರೋದನ್ನು ಹೇಳಿದೆ. ಯಾಕೋಬನ ಪತ್ರಿಕೆ 5:15, ನಂಬಿಕೆಯ ಪ್ರಾರ್ಥನೆ ರೋಗಿಯನ್ನು ರಕ್ಷಿಸುತ್ತದೆ.

ಸಂಡೇಸ್ಕೂಲ್_ಟೀಚರ್
ವಾಕ್ಯದಲ್ಲಿ ಇರೋದನ್ನೇ ಹೇಳೋಣ ಬಿಡಿ. ಎಲ್ಲವನ್ನೂ ಹೇಳೋಣ.

ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯ. ನಾವು ಮಕ್ಕಳಿಗೆ ಹೇಳಿಕೊಡುವುದು ಯೇಸುವಿನ ಶಿಷ್ಯ ಪೇತ್ರನ ಕಥೆ. ಜೈಲು, ಎರಡು ಸರಪಳಿ, ಅಕ್ಕಪಕ್ಕ ಸಿಪಾಯಿಗಳು, ದೇವದೂತ ಬಂದ, ಸರಪಳಿ ಕಳಚಿ ಬಿತ್ತು, ಕಬ್ಬಿಣದ ಬಾಗಿಲು ತಾನಾಗೇ ತೆರೆಯಿತು. ಮಕ್ಕಳಿಗೆ ಬಲು ಖುಷಿ. ಆದರೆ ಅಧ್ಯಾಯ ಶುರುವಾಗುವುದು ಅಲ್ಲಿಂದ ಅಲ್ಲ. ಎರಡನೇ ವಚನದಲ್ಲೇ ಹೆರೋದ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ ಅಂತ ಇದೆ. ಅಷ್ಟೇ, ಒಂದೇ ವಚನ. ಯೋಹಾನನ ಅಣ್ಣ, ಯೇಸುವಿನ ಹತ್ತಿರದ ಮೂವರಲ್ಲಿ ಒಬ್ಬ. ಯೇಸು ತೇಜಸ್ಸಿನಿಂದ ಹೊಳೆದ ರೂಪಾಂತರದ ಬೆಟ್ಟ ಹತ್ತಿದವನು. ಅವನಿಗೆ ದೇವದೂತ ಬರಲಿಲ್ಲ.

ಅದೇ ಊರು, ಅದೇ ರಾಜ, ಅದೇ ಸಭೆ. ಯಾಕೋಬನಿಗಾಗಿ ಸಭೆ ಪ್ರಾರ್ಥಿಸಿರಲಿಲ್ಲ ಅಂತ ಯಾರಾದರೂ ಹೇಳುತ್ತೀರಾ? ಯಾಕೋಬನಿಗೆ ನಂಬಿಕೆ ಕಮ್ಮಿ ಇತ್ತಾ? ಇದನ್ನು ಬರೆದ ಲೂಕ ಕಾರಣ ಕೊಡುವುದೇ ಇಲ್ಲ. ಎರಡನ್ನೂ ಒಂದೇ ಪುಟದಲ್ಲಿ ಬರೆದು ಮುಂದೆ ಹೋಗುತ್ತಾನೆ. ಯೋಹಾನ ಆಗ ತೋಟದಮನೆ ಅಕ್ಕ ಇರುವ ಜಾಗದಲ್ಲೇ ಇದ್ದ ಅನ್ನಿಸುತ್ತದೆ ನನಗೆ. ಗೆಳೆಯ ವಾಪಸ್ ಬಂದ, ಅಣ್ಣ ಬರಲಿಲ್ಲ.

ತೋಟದಮನೆ
ಟೀಚರ್, ಇದನ್ನು ನಾನು ಎಷ್ಟು ಸಲ ಓದಿದ್ದೇನೋ. ಆ ಎರಡನೇ ವಚನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಪ್ರಶ್ನೆಗಾರ
ಚೆನ್ನಾಗಿದೆ. ಆದರೆ ಇದು ಉತ್ತರ ಅಲ್ಲ, ಪ್ರಶ್ನೆಯನ್ನೇ ಎರಡು ಸಾವಿರ ವರ್ಷ ಹಿಂದಕ್ಕೆ ತಳ್ಳಿದ ಹಾಗಾಯಿತು ಅಷ್ಟೇ. ಆಗಲೂ ಒಬ್ಬನಿಗೆ ಒಂದು ನ್ಯಾಯ, ಇನ್ನೊಬ್ಬನಿಗೆ ಇನ್ನೊಂದು.

ಸಂಡೇಸ್ಕೂಲ್_ಟೀಚರ್
ಉತ್ತರ ಅಂತ ಹೇಳಲಿಲ್ಲ. "ನಿಮ್ಮಲ್ಲೇ ಏನೋ ಕೊರತೆ" ಅನ್ನೋ ಬಾಯಿಗೆ ಬೀಗ ಅಂತ ಹೇಳಿದೆ. ಅದು ಮೊದಲು ಆಗಬೇಕು.

ಗಲ್ಫ್_ನರ್ಸು
ಅಪೊಸ್ತಲ ಪೌಲನದ್ದೂ ಸೇರಿಸಿ. ಎಫೆಸದಲ್ಲಿ ಅವನ ಮೈ ತಾಗಿದ ಕರವಸ್ತ್ರ ತಗೊಂಡು ಹೋದರೆ ರೋಗ ವಾಸಿಯಾಗುತ್ತಿತ್ತು, ಅದು ಕೃತ್ಯಗಳು 19ರಲ್ಲಿದೆ. ಅದೇ ಪೌಲ 2 ತಿಮೊಥೆ ಪತ್ರಿಕೆಯ ಕೊನೆಯಲ್ಲಿ ಬರೆಯುತ್ತಾನೆ: ತ್ರೊಫಿಮ ಕಾಯಿಲೆ ಬಿದ್ದಿದ್ದ, ಅವನನ್ನು ಮಿಲೇತದಲ್ಲಿ ಬಿಟ್ಟು ಬಂದೆ ಅಂತ. ತ್ರೊಫಿಮ ಎಫೆಸದವನೇ! ಕರವಸ್ತ್ರದ ಊರಿನವನು. ಅವನ ಜೊತೆಗಾರ ಎಪಫ್ರೊದೀತ ಸಾಯುವ ಹಾಗಿದ್ದು ಬದುಕಿದ. ತಿಮೊಥೆಗೆ ಹೊಟ್ಟೆ ತೊಂದರೆ, ಅವನಿಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಅಂತ ಸಲಹೆ. ಪೌಲನ ದೇವರು ಪತ್ರಿಕೆಗೊಂದು ಥರ ಬದಲಾದನಾ?

ಹಳೇ_ಡೀಕನ್
ದ್ರಾಕ್ಷಾರಸದ ವಚನ ಮಾತ್ರ ನಮ್ಮ ಸಭೆಯಲ್ಲಿ ಎಲ್ಲರಿಗೂ ಬಾಯಿಪಾಠ 😄

ಕರಾವಳಿ_ಕಥೊಲಿಕ
ನಮ್ಮಲ್ಲೂ, ವಚನವೇ ಬೇಕಾಗಿಲ್ಲ ಅದಕ್ಕೆ.

ನಿರ್ವಾಹಕ
ವಿಷಯಕ್ಕೆ ಬನ್ನಿ.

ಪ್ರಶ್ನೆಗಾರ
ವಿಷಯಕ್ಕೇ ಬರುತ್ತೇನೆ. ನಾನು ಕ್ರೈಸ್ತ ಮನೆಯಲ್ಲೇ ಬೆಳೆದವನು, ಈಗ ನಂಬಿಕೆ ಇಲ್ಲ, ಇಲ್ಲಿ ಸುಮ್ನೆ ಓದುತ್ತಿರುತ್ತೇನೆ. ನನ್ನ ತಕರಾರು ಇಷ್ಟು. ಮಲಾಕಿಯ 3:6ರಲ್ಲಿ ನಾನು ಮಾರ್ಪಟ್ಟಿಲ್ಲ ಅಂತಾನೆ ದೇವರು. ಆದರೆ ನೋಹನ ಕಾಲದಲ್ಲಿ ಮನುಷ್ಯನನ್ನು ಸೃಷ್ಟಿಸಿದ್ದಕ್ಕೆ ಪಶ್ಚಾತ್ತಾಪ ಪಟ್ಟ. ಸೌಲನನ್ನು ರಾಜನಾಗಿ ಮಾಡಿದ್ದಕ್ಕೆ ಪಶ್ಚಾತ್ತಾಪ. ಇಸ್ರಾಯೇಲ್ಯರು ಬಂಗಾರದ ಕರು ಪೂಜಿಸಿದ ಕಥೆಯಲ್ಲಿ ಎಲ್ಲರನ್ನೂ ನಾಶ ಮಾಡುತ್ತೇನೆ ಅಂದವನು ಮೋಶೆ ಬೇಡಿಕೊಂಡ ಮೇಲೆ ಬಿಟ್ಟ. ರಾಜ ಹಿಜ್ಕೀಯನಿಗೆ ಸಾಯುತ್ತೀಯ ಅಂತ ಪ್ರವಾದಿ ಯೆಶಾಯನ ಕೈಲಿ ಹೇಳಿಕಳಿಸಿ, ಅವನು ಗೋಡೆ ಕಡೆ ತಿರುಗಿ ಅತ್ತ ಮೇಲೆ 15 ವರ್ಷ ಆಯಸ್ಸು ಕೊಟ್ಟ. ಇದು ಮಾರ್ಪಡದ ದೇವರಾ? ಮಾರ್ಪಡುವುದೇ ಇಲ್ಲ ಅಂದರೆ ಪ್ರಾರ್ಥನೆ ಯಾಕೆ? ಮಾರ್ಪಡುತ್ತಾನೆ ಅಂದರೆ ಅಣ್ಣನ ವಿಷಯದಲ್ಲಿ ಯಾಕೆ ಆಗಲಿಲ್ಲ? ಎರಡರಲ್ಲಿ ಒಂದು ಹೇಳಿ.

ದೇವಶಾಸ್ತ್ರದ_ವಿದ್ಯಾರ್ಥಿ
ಒಳ್ಳೆ ಪ್ರಶ್ನೆ, ಹಳೇ ಪ್ರಶ್ನೆ. ಸೌಲನ ಕಥೆಯನ್ನೇ ತಗೊಳ್ಳಿ. 1 ಸಮುವೇಲ 15ರ 11ನೇ ವಚನದಲ್ಲಿ ದೇವರು ಪಶ್ಚಾತ್ತಾಪ ಪಟ್ಟ. 29ರಲ್ಲಿ ಸಮುವೇಲ ಹೇಳುತ್ತಾನೆ, ಪಶ್ಚಾತ್ತಾಪ ಪಡೋಕೆ ಅವನೇನು ಮನುಷ್ಯನಾ ಅಂತ. 35ರಲ್ಲಿ ಮತ್ತೆ ಪಶ್ಚಾತ್ತಾಪ ಪಟ್ಟ ಅಂತ ಬರುತ್ತದೆ. ಬರೆದವನು ದಡ್ಡನಲ್ಲ, ಒಂದೇ ಅಧ್ಯಾಯದಲ್ಲಿ ಬೇಕೆಂದೇ ಎರಡನ್ನೂ ಇಟ್ಟಿದ್ದಾನೆ. ದೇವರು ಸೌಲನಿಗೆ ಸ್ಪಂದಿಸುತ್ತಾನೆ, ದುಃಖ ಪಡುತ್ತಾನೆ. ಆದರೆ ಸೌಲನ ಹಾಗೆ ಗಳಿಗೆಗೊಂದು ಬಣ್ಣ ತೋರಿಸುವುದಿಲ್ಲ.

ಯೆರೆಮೀಯ 18ರಲ್ಲಿ ಕುಂಬಾರನ ಮನೆಯ ಪ್ರಸಂಗ ಆದ ಮೇಲೆ ದೇವರು ತನ್ನ ಪದ್ಧತಿಯನ್ನೇ ಹೇಳುತ್ತಾನೆ. ಒಂದು ಜನಾಂಗವನ್ನು ಕೆಡವುತ್ತೇನೆ ಅಂತ ಹೇಳಿದ ಮೇಲೆ ಅದು ಕೆಟ್ಟತನ ಬಿಟ್ಟರೆ ನಾನೂ ಬಿಡುತ್ತೇನೆ ಅಂತ. ಅಂದರೆ ಕನಿಕರ ತೋರಿಸುವುದು ಅವನ ಸ್ವಭಾವದ ಬದಲಾವಣೆ ಅಲ್ಲ, ಸ್ವಭಾವವೇ ಅದು. ಪ್ರಾರ್ಥನೆ ಬಗ್ಗೆ 13ನೇ ಶತಮಾನದಲ್ಲಿ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಬರೆದದ್ದು ಇನ್ನೂ ಚಲಾವಣೆಯಲ್ಲಿದೆ: ನಾವು ಪ್ರಾರ್ಥಿಸುವುದು ದೇವರ ಮನಸ್ಸು ಬದಲಾಯಿಸೋಕೆ ಅಲ್ಲ, ಪ್ರಾರ್ಥನೆಯ ಮೂಲಕವೇ ಕೊಡಬೇಕು ಅಂತ ಅವನು ಇಟ್ಟಿರುವುದನ್ನು ಪಡೆಯೋಕೆ.

ಪ್ರಶ್ನೆಗಾರ
ಅಂದರೆ ಅಣ್ಣನ ಪ್ರಾಣ "ಇಟ್ಟಿರಲಿಲ್ಲ". ಇದನ್ನು ಆ ಅತ್ತಿಗೆಗೆ ಹೋಗಿ ಹೇಳಿ ನೋಡೋಣ.

ದೇವಶಾಸ್ತ್ರದ_ವಿದ್ಯಾರ್ಥಿ
ಹೇಳೋದಿಲ್ಲ. ಹೇಳಲೂಬಾರದು. ಇದು ಪುಸ್ತಕದಲ್ಲಿ ಬರೆಯುವ ಮಾತು, ಸಾವಿನ ಮನೆಯಲ್ಲಿ ಆಡುವ ಮಾತಲ್ಲ.

ಬಳ್ಳಾರಿ_ಬಿಸಿಲು
ಸಾವಿನ ಮನೆಯಲ್ಲಿ ಕೆಲಸಕ್ಕೆ ಬಾರದ ದೇವಶಾಸ್ತ್ರ ಯಾಕೆ ಬೇಕು ಅಂತ ನನ್ನ ಪ್ರಶ್ನೆ.

ಕರಾವಳಿ_ಕಥೊಲಿಕ
ಬೇಕು ಸ್ವಾಮಿ. ಒಂದು ಉದಾಹರಣೆ ಕೊಡುತ್ತೇನೆ. ಕ್ರಿ.ಶ. 325ರಲ್ಲಿ ಬಿಷಪ್‌ಗಳು ಸೇರಿದ ನಿಕೇಯ ಸಭೆ. 2025ಕ್ಕೆ 1700 ವರ್ಷ ಆಯಿತು ಅಂತ ಎಲ್ಲಾ ಕಡೆ ಕಾರ್ಯಕ್ರಮ ನಡೆಯಿತಲ್ಲ, ಅದೇ. ಅಲ್ಲಿ ಗಲಾಟೆ ಏರಿಯಸ್ ಎಂಬ ಪಾದ್ರಿಯ ಬೋಧನೆ ಬಗ್ಗೆ. ಮಗನು ಸೃಷ್ಟಿಯಾದವನು, ಒಂದು ಕಾಲದಲ್ಲಿ ಇರಲೇ ಇಲ್ಲ ಅನ್ನುವ ಬೋಧನೆ. ಆ ವರ್ಷದ ವಿಶ್ವಾಸ ಪ್ರಮಾಣದ ಕೊನೆಯಲ್ಲಿ ಒಂದು ಶಾಪದ ಸಾಲು ಇತ್ತು. ದೇವರ ಮಗನು ಬದಲಾಗಬಲ್ಲವನು ಅಂತ ಯಾರಾದರೂ ಹೇಳಿದರೆ ಅವರು ಸಭೆಯ ಹೊರಗೆ ಅಂತ. ನಾವು ಭಾನುವಾರದ ಪೂಜೆಯಲ್ಲಿ ಹೇಳುವ ಪ್ರಮಾಣದಲ್ಲಿ ಆ ಸಾಲು ಈಗ ಇಲ್ಲ, ಆದರೆ ಮೂಲದಲ್ಲಿ ಇತ್ತು.

ಯಾಕೆ ಅಷ್ಟು ತಲೆ ಕೆಡಿಸಿಕೊಂಡರು? ಯೇಸುವಿನಲ್ಲಿ ನಾವು ನೋಡಿದ ಮುಖವೇ ದೇವರ ಮುಖ, ಅದರ ಹಿಂದೆ ಬೇರೆ ಇನ್ನೊಂದು ಮುಖ ಇಲ್ಲ ಅನ್ನೋದು ಅವರಿಗೆ ಬೇಕಿತ್ತು. ಗೆಳೆಯ ಲಾಜರನ ಸಮಾಧಿ ಮುಂದೆ ಅತ್ತ ಯೇಸು ಇದ್ದಾರಲ್ಲ, ದೇವರು ಅಂದರೆ ಅವರೇ. ನಿನ್ನೆ, ಇವತ್ತು, ಎಂದೆಂದಿಗೂ ಅಂದರೆ ಅಳುವವರೂ ಅವರೇ. ಸಾವಿನ ಮನೆಗೆ ಇದು ಬೇಕಲ್ವಾ?

ತೋಟದಮನೆ
ಇದು ತಾಗಿತು. ಆದರೂ ಒಂದು ಮಾತು. ಅತ್ತ ಮೇಲೆ ಲಾಜರನನ್ನು ಸಾವಿನಿಂದ ಎಬ್ಬಿಸಿದರು.

ಕರಾವಳಿ_ಕಥೊಲಿಕ
ಹೌದು. ಅಲ್ಲಿ ಮಾರ್ತಳೂ ಮರಿಯಳೂ ಇಬ್ಬರೂ ಅದನ್ನೇ ಮುಖಕ್ಕೆ ಹೇಳಿದರು, ನೀವು ಇಲ್ಲಿದ್ದಿದ್ದರೆ ನಮ್ಮ ತಮ್ಮ ಸಾಯುತ್ತಿರಲಿಲ್ಲ ಅಂತ. ಯೇಸು ಬೈಯಲಿಲ್ಲ.

ಅಡಿಕೆ_ಆಳು
ನಾನು ಜಾಸ್ತಿ ಓದಿದವನಲ್ಲ. ತೀರ್ಥಹಳ್ಳಿ ಕಡೆ ತೋಟ. ಎಲೆಚುಕ್ಕಿ ರೋಗ ಬಂದು ಗರಿಗಳೆಲ್ಲ ಸುಟ್ಟ ಹಾಗಾಗಿವೆ. ಮಳೆಗಾಲದಲ್ಲಿ ಕೊಳೆರೋಗ, ಬೆಳಿಗ್ಗೆ ಎದ್ದು ಹೋದರೆ ಬುಡದಲ್ಲಿ ಹಸಿರು ಅಡಿಕೆ ರಾಶಿ ಬಿದ್ದಿರುತ್ತದೆ. ನಮ್ಮ ಮನೆಯಲ್ಲಿ ಪ್ರವಾದಿ ಹಬಕ್ಕೂಕನ 3:17 ಓದುವಾಗ ಅಪ್ಪ ಅಂಜೂರದ ಜಾಗದಲ್ಲಿ ಅಡಿಕೆ ಅಂತಲೇ ಓದುತ್ತಿದ್ದರು. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಬಿಡದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ನಾನು ಯೆಹೋವನಲ್ಲಿ ಉಲ್ಲಾಸ ಪಡುವೆನು ಅಂತ ಅಲ್ಲಿ ಇರೋದು.

ಆದರೆ ಒಂದು ಗಮನಿಸಿ. ಹಬಕ್ಕೂಕ ಅಲ್ಲಿಗೆ ಹೋಗಿ ಮುಟ್ಟಿದ್ದು ಮೂರನೇ ಅಧ್ಯಾಯದಲ್ಲಿ. ಮೊದಲನೇ ಅಧ್ಯಾಯ ಪೂರ್ತಿ ಜಗಳ. ಎಷ್ಟು ಕಾಲ ಕೂಗಬೇಕು, ನೀನು ಕೇಳುತ್ತಿಲ್ಲವಲ್ಲ ಅಂತಲೇ ಶುರು ಮಾಡುತ್ತಾನೆ. ಸಭೆಯವರು ನಿಮ್ಮಕ್ಕ ಅತ್ತಿಗೆಯನ್ನು ಸೀದಾ ಮೂರನೇ ಅಧ್ಯಾಯಕ್ಕೆ ಎಳೆದುಕೊಂಡು ಹೋಗುತ್ತಿದ್ದಾರೆ. ಮೊದಲನೇದು ಓದೋಕೆ ಬಿಡಿ ಅವರಿಗೆ.

ಬಳ್ಳಾರಿ_ಬಿಸಿಲು
ಇಲ್ಲಿವರೆಗಿನ ಒಳ್ಳೆ ಮಾತು ಇದು. (ನಿಮ್ಮಕ್ಕ ಅತ್ತಿಗೆ ಅಂದರೆ ಯಾರು 😄)

ಅಡಿಕೆ_ಆಳು
ಅವಸರದಲ್ಲಿ ಟೈಪಿಸಿದ್ದು, ಅರ್ಥ ಆಯ್ತಲ್ಲ.

ಮಲ್ನಾಡ್_ಮಗ
ಅಣ್ಣಾ ಬೋರ್ಡೋ ದ್ರಾವಣ ಎಷ್ಟು ಪ್ರಮಾಣದಲ್ಲಿ ಹೊಡೀತಿದೀರಾ? ನಮ್ಮಲ್ಲಿ ಹೊಡೆದರೂ ಕೊಳೆ ನಿಲ್ಲುತ್ತಿಲ್ಲ.

ಅಡಿಕೆ_ಆಳು
ಶೇಕಡಾ 1. ನೂರು ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ತುತ್ತದ ನೀರನ್ನು ಸುಣ್ಣದ ನೀರಿಗೆ ಹಾಕಬೇಕು, ಉಲ್ಟಾ ಮಾಡಬೇಡಿ. ಮಾಡಿದ ದಿನವೇ ಹೊಡೀಬೇಕು. ಮುಂಗಾರು ಹಿಡಿಯೋ ಮೊದಲೇ ಒಂದು ಸಲ ಆಗಿರಬೇಕು. ಮಳೆ ಶುರುವಾದ ಮೇಲೆ ಹೊಡೆದರೆ ಅರ್ಧ ನೆಲಕ್ಕೆ.

ನಿರ್ವಾಹಕ
ಕೃಷಿ ವಿಭಾಗ ಬೇರೆ ಇದೆ 🙏

ಹಳೇ_ಡೀಕನ್
ಬೇರೆ ಯಾಕೆ, ನಮ್ಮ ಬೆಳೆಹಬ್ಬದ ಹರಾಜಿನಲ್ಲಿ ಅಡಿಕೆ ಗೊನೆಯೂ ಇರುತ್ತೆ, ಊರಕೋಳಿಯೂ ಇರುತ್ತೆ. ಒಂದು ಹಲಸಿನಹಣ್ಣಿಗೆ ಇಬ್ಬರು ಷಡ್ಡಕರು ಜಿದ್ದಿಗೆ ಬಿದ್ದು ಏರಿಸಿದ್ದು ನೋಡಿದ್ದೇನೆ. ಗೆದ್ದವನಿಗೆ ಸಕ್ಕರೆ ಕಾಯಿಲೆ, ತಿನ್ನೋ ಹಾಗಿಲ್ಲ.

ಕೊಡಗಿನ_ಹುಡುಗಿ
😂😂

ಉಡುಪಿ_ಹೆಂಚು
ವಿಷಯಕ್ಕೆ ಸ್ವಲ್ಪ ಬೇರೆ ದಿಕ್ಕಿನಿಂದ ಬರುತ್ತೇನೆ. ನಮ್ಮದು ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಬಂದ ಪ್ರೊಟೆಸ್ಟಂಟ್ ಮಿಷನ್, ಬಹಳ ಜನ ಜರ್ಮನ್ನರು) ಮೂಲದ ಕುಟುಂಬ. ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಶಾಲೆ, ಛಾಪಖಾನೆ, ನೇಯ್ಗೆ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ. ಸಭೆಯವರಲ್ಲಿ ಎಷ್ಟೋ ಜನಕ್ಕೆ ಕೆಲಸ, ಅನ್ನ, ಮನೆ ಎಲ್ಲಾ ಅಲ್ಲೇ. ದೇವರು ಕೊಟ್ಟ ಅಂದರೆ ಮಿಷನ್ ಕೊಟ್ಟ ಹಾಗೆ ಆಗಿಹೋಗಿತ್ತು. 1914ರಲ್ಲಿ ಯುದ್ಧ ಶುರುವಾಯಿತು. ಜರ್ಮನ್ ಮಿಷನರಿಗಳನ್ನು ಬ್ರಿಟಿಷರು ಹಿಡಿದು ಶಿಬಿರದಲ್ಲಿ ಇಟ್ಟರು, ಆಮೇಲೆ ದೇಶ ಬಿಡಿಸಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಗೆ ಹೋದವು.

ನಮ್ಮಜ್ಜಿಯ ಕಡೆಯಿಂದ ಬಂದ ಮಾತು, ಆಗ ಎಷ್ಟೋ ಜನ "ದೇವರು ನಮ್ಮನ್ನು ಬಿಟ್ಟ" ಅಂದುಕೊಂಡರಂತೆ. ಪಾದ್ರಿ ಇಲ್ಲ, ಕೆಲಸದ ಗ್ಯಾರಂಟಿ ಇಲ್ಲ. ಆದರೂ ಭಾನುವಾರ ಗಂಟೆ ಹೊಡೆದರು, ಊರಿನ ಉಪದೇಶಿಗಳೇ ಆರಾಧನೆ ನಡೆಸಿದರು. ಆ ಸಭೆಗಳು ಇವತ್ತಿಗೂ ಇವೆ. ದೇವರು ಮಾರ್ಪಡುವುದಿಲ್ಲ ಅನ್ನೋದನ್ನು ನಾವು ಸುಲಭವಾಗಿ "ನನ್ನ ವ್ಯವಸ್ಥೆ ಮಾರ್ಪಡುವುದಿಲ್ಲ" ಅಂತ ಓದಿಕೊಳ್ಳುತ್ತೇವೆ. ವ್ಯವಸ್ಥೆ ಮುರಿದಾಗ ದೇವರೇ ಮುರಿದ ಹಾಗೆ ಕಾಣುತ್ತದೆ.

ಪ್ರಶ್ನೆಗಾರ
ಕಾರ್ಖಾನೆ ಹೋದರೆ ಇನ್ನೊಂದು ಕೆಲಸ ಸಿಗುತ್ತದೆ. ಅಣ್ಣ ಹೋದರೆ ಇನ್ನೊಬ್ಬ ಸಿಗುವುದಿಲ್ಲ. ಇದನ್ನು ಅದಕ್ಕೆ ಹೋಲಿಸಬೇಡಿ.

ಉಡುಪಿ_ಹೆಂಚು
ಒಪ್ಪುತ್ತೇನೆ. ಎರಡರ ತೂಕ ಒಂದೇ ಅಂತ ನಾನು ಹೇಳುತ್ತಿಲ್ಲ.

ಹಾಲೆಲೂಯ_ಹುಬ್ಬಳ್ಳಿ
ಎಲ್ಲರೂ ಸೇರಿ ಸ್ವಸ್ಥತೆಯ ವಾಗ್ದಾನವನ್ನೇ ತೆಗೆದುಹಾಕುತ್ತಿದ್ದೀರಿ. ನಮ್ಮ ಸಭೆಯಲ್ಲಿ ವಾಸಿಯಾದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಯೇಸು ನಿನ್ನೆ ವಾಸಿ ಮಾಡಿದ, ಇವತ್ತೂ ಮಾಡುತ್ತಾನೆ. ಇದನ್ನು ಬಿಟ್ಟರೆ ನಮ್ಮ ಬಡ ಜನ ಎಲ್ಲಿಗೆ ಹೋಗಬೇಕು? ದೊಡ್ಡಾಸ್ಪತ್ರೆಗೆ ಕಟ್ಟೋಕೆ ಅವರ ಹತ್ತಿರ ದುಡ್ಡಿಲ್ಲ. ನಿಮ್ಮ ದೇವಶಾಸ್ತ್ರ ಹೊಟ್ಟೆ ತುಂಬಿದವರದ್ದು.

ಸಂಡೇಸ್ಕೂಲ್_ಟೀಚರ್
ಕೊನೆಯ ಮಾತಿನಲ್ಲಿ ಸತ್ಯ ಇದೆ, ಅದನ್ನು ತಳ್ಳಿಹಾಕೋದಿಲ್ಲ. ಬೇಡಿಕೊಳ್ಳಿ, ಖಂಡಿತ ಬೇಡಿಕೊಳ್ಳಿ. ತೋಟದಮನೆಯವರೂ ಬೇಡಿಕೊಂಡರು. ಆದರೆ ಇಬ್ರಿಯ 13:8ರ ಹಿಂದಿನ ವಚನ ಓದಿದ್ದೀರಾ? ಏಳನೇ ವಚನ. ನಿಮಗೆ ವಾಕ್ಯ ಕಲಿಸಿದ ಸಭಾನಾಯಕರನ್ನು ಜ್ಞಾಪಕ ಮಾಡಿಕೊಳ್ಳಿ, ಅವರು ಯಾವ ರೀತಿ ಜೀವನ ಮುಗಿಸಿದರು ಅಂತ ನೋಡಿ ಅವರ ನಂಬಿಕೆಯನ್ನು ಅನುಸರಿಸಿ ಅಂತ. ಅಂದರೆ ತೀರಿಹೋದವರ ಬಗ್ಗೆ ಮಾತಾಡುತ್ತಾ ಆ ವಚನ ಬರುತ್ತದೆ. ಕಲಿಸಿದವರು ಹೋದರು, ಯೇಸು ಇದ್ದಾನೆ. ಅದು ಸಾವೇ ಬರದ ಮನೆಗೆ ಬರೆದ ಮಾತಲ್ಲ.

ಅದೇ ಪತ್ರಿಕೆಯ 11ನೇ ಅಧ್ಯಾಯವನ್ನೂ ನೋಡಿ. ನಂಬಿಕೆಯಿಂದ ಸಿಂಹಗಳ ಬಾಯಿ ಕಟ್ಟಿದರು, ಕತ್ತಿಯಿಂದ ತಪ್ಪಿಸಿಕೊಂಡರು ಅಂತ ಹೇಳುತ್ತಾ ಹೇಳುತ್ತಾ, ಅದೇ ಉಸಿರಿನಲ್ಲಿ, ಕತ್ತಿಯಿಂದ ಕೊಲ್ಲಲ್ಪಟ್ಟರು ಅಂತಲೂ ಬರುತ್ತದೆ. ಇಬ್ಬರಿಗೂ ನಂಬಿಕೆಯ ಸಾಕ್ಷಿ ಒಂದೇ.

ಹಾಲೆಲೂಯ_ಹುಬ್ಬಳ್ಳಿ
13:7 ನೋಡುತ್ತೇನೆ ಟೀಚರ್. ಸ್ವಸ್ಥತೆ ವಿಷಯದಲ್ಲಿ ನನ್ನ ಮಾತು ಮಾತ್ರ ಅದೇ.

ಕೊಡಗಿನ_ಹುಡುಗಿ
ನನಗೆ ಯಾವಾಗಲೂ ಯೋನನ ಪುಸ್ತಕ ನೆನಪಾಗುತ್ತದೆ. ಎಲ್ಲರಿಗೂ ಮೀನು ಮಾತ್ರ ಗೊತ್ತು. ಅಶ್ಶೂರದ ನಿನೆವೆ ಊರಿಗೆ ತೀರ್ಪು ಸಾರು ಅಂತ ದೇವರು ಕಳಿಸಿದರೆ ಪ್ರವಾದಿ ಯೋನ ಓಡಿಹೋದದ್ದು ಯಾಕೆ? ಹೆದರಿಕೆಯಿಂದ ಅಲ್ಲ. ನಾಲ್ಕನೇ ಅಧ್ಯಾಯದಲ್ಲಿ ಅವನೇ ಹೇಳುತ್ತಾನೆ. ನೀನು ಕನಿಕರವುಳ್ಳವನು, ಕೋಪಕ್ಕೆ ನಿಧಾನ, ಕೃಪೆ ತುಂಬಿದವನು ಅಂತ ನನಗೆ ಮೊದಲೇ ಗೊತ್ತಿತ್ತು, ಅದಕ್ಕೇ ತಾರ್ಷೀಷಿಗೆ ಹಡಗು ಹತ್ತಿದೆ ಅಂತ. ನಿನೆವೆ ಉಳಿದುಬಿಡುತ್ತದೆ ಅನ್ನೋದೇ ಅವನ ಹೊಟ್ಟೆಕಿಚ್ಚು! ದೇವರು ಮಾರ್ಪಡುವುದಿಲ್ಲ ಅನ್ನೋದೇ ಅವನ ದೂರು. ಒಂದು ಸಲವಾದರೂ ಮಾರ್ಪಡು, ಈ ಅಶ್ಶೂರದವರನ್ನು ಸುಟ್ಟುಬಿಡು ಅಂತ ಅವನ ಆಸೆ.

ಮೇಲೆ ಪ್ರಶ್ನೆಗಾರರು ನಿನೆವೆಯನ್ನು ಪಟ್ಟಿಯಲ್ಲಿ ಸೇರಿಸಲಿಲ್ಲ, ಸೇರಿಸಿದ್ದರೆ ಅದು ಅವರ ವಾದಕ್ಕೇ ಉಲ್ಟಾ ಹೊಡೆಯುತ್ತಿತ್ತು. ತೀರ್ಪು ಬದಲಾಯಿತು, ಯಾಕೆಂದರೆ ಸ್ವಭಾವ ಬದಲಾಗಲಿಲ್ಲ.

ದೇವಶಾಸ್ತ್ರದ_ವಿದ್ಯಾರ್ಥಿ
ಇದು ಬಹಳ ಚೆನ್ನಾಗಿದೆ. ಯೋನ ಹೇಳುವ ಆ ಮಾತು ವಿಮೋಚನಕಾಂಡ 34:6ರದ್ದು. ಬಂಗಾರದ ಕರುವಿನ ಪ್ರಸಂಗ ಆದ ಮೇಲೆ ದೇವರು ಮೋಶೆಗೆ ತನ್ನ ಗುಣ ಹೇಳಿಕೊಂಡದ್ದು. ಆಮೇಲೆ ಕೀರ್ತನೆಗಳಲ್ಲಿ, ನೆಹೆಮೀಯನಲ್ಲಿ, ಯೋವೇಲನಲ್ಲಿ ಜನ ಮತ್ತೆ ಮತ್ತೆ ಅದನ್ನೇ ಎತ್ತುತ್ತಾರೆ. ಬಹಳ ಸಲ ಕಷ್ಟದಲ್ಲಿ ಎತ್ತುತ್ತಾರೆ. "ನೀನೇ ಹೀಗೆ ಅಂದಿದ್ದೆಯಲ್ಲ" ಅನ್ನೋ ಥರ.

ಗಲ್ಫ್_ನರ್ಸು
ಕೀರ್ತನೆ 77 ಅದೇ. ದೇವರು ಕೃಪೆ ತೋರಿಸೋದನ್ನು ಮರೆತನೋ, ಸಿಟ್ಟಿನಲ್ಲಿ ಕನಿಕರ ನಿಲ್ಲಿಸಿಬಿಟ್ಟನೋ ಅಂತ ಕೇಳುತ್ತದೆ. ರಾತ್ರಿ ಡ್ಯೂಟಿಯಲ್ಲಿ ನಾನು ಜಾಸ್ತಿ ಓದೋದು ಅದನ್ನೇ.

ಸಂಡೇಸ್ಕೂಲ್_ಟೀಚರ್
ಅಕ್ಕ ಕೇಳಿದ್ದಕ್ಕೆ ನನಗೆ ಅನ್ನಿಸಿದ್ದು ಇಲ್ಲಿದೆ. ಮೋಶೆ ಬೆಟ್ಟದ ಮೇಲೆ ವಾದ ಮಾಡಿದನಲ್ಲ, ಅವನ ಕೈಯಲ್ಲಿದ್ದ ಆಧಾರ ಏನು? ಅಬ್ರಹಾಮನಿಗೆ ಮಾತು ಕೊಟ್ಟಿದ್ದೀಯ, ನೆನಪು ಮಾಡಿಕೋ ಅಂದ. ಮಾತು ತಪ್ಪುವ ದೇವರ ಹತ್ತಿರ ಯಾರೂ ವಾದ ಮಾಡೋದಿಲ್ಲ. ಲಹರಿ ಬಂದ ಹಾಗೆ ಆಡುವವನ ಹತ್ತಿರ ನ್ಯಾಯ ಕೇಳಿ ಏನು ಪ್ರಯೋಜನ? ಒಂದೋ ಹೆದರಿ ಸುಮ್ಮನಿರುತ್ತೇವೆ, ಇಲ್ಲಾ ಓಲೈಸುತ್ತೇವೆ. ಒಬ್ಬನ ಗುಣ ಗೊತ್ತಿದ್ದರೆ ಮಾತ್ರ "ಇದು ನಿನಗೆ ಸರಿಯಾ" ಅಂತ ಎದುರು ನಿಂತು ಕೇಳೋಕೆ ಆಗೋದು.

ಹಾಗಾಗಿ ದೇವರು ಮಾರ್ಪಡುವುದಿಲ್ಲ ಅನ್ನೋ ಮಾತು ಅಳುವವರ ಬಾಯಿ ಮುಚ್ಚಿಸೋಕೆ ಇರೋದಲ್ಲ. ನಿಮ್ಮ ಅತ್ತಿಗೆಗೆ ಸಿಟ್ಟು ಬಂದಿದೆ ಅಂದರೆ ಅವರು ದೇವರ ಗುಣವನ್ನು ಇನ್ನೂ ನಂಬಿದ್ದಾರೆ ಅಂತಲೇ ನಾನು ಅಂದುಕೊಳ್ಳುತ್ತೇನೆ. ನಂಬದಿದ್ದರೆ ಸಿಟ್ಟು ಯಾರ ಮೇಲೆ?

ಪ್ರಶ್ನೆಗಾರ
ಇದು ಸ್ವಲ್ಪ ಜಾಸ್ತಿ ಆಯಿತು ಟೀಚರ್. ಸಿಟ್ಟು ಬಂದರೂ ನಂಬಿಕೆ, ಬರದಿದ್ದರೂ ನಂಬಿಕೆ ಅಂದರೆ ನಂಬಿಕೆ ಇಲ್ಲದವನು ಯಾರು? ಅವರಿಗೆ ಸಿಟ್ಟು ಸಭೆಯ ಮೇಲೆ ಇರಬಹುದು. ಊಟ ಹಾಕಿದಾಗ ಬಂದವರು ಈಗ ಮನೆ ಕಡೆ ಬರುತ್ತಿದ್ದಾರಾ ಕೇಳಿ.

ಸಂಡೇಸ್ಕೂಲ್_ಟೀಚರ್
ಅದೂ ಇರಬಹುದು. ಅವರ ಮನಸ್ಸನ್ನು ನಾನು ಇಲ್ಲಿ ಕೂತು ಓದೋಕೆ ಆಗೋದಿಲ್ಲ, ಸರಿ.

ತೋಟದಮನೆ
ಪ್ರಶ್ನೆಗಾರರು ಹೇಳಿದ್ದು ನಿಜ. ಮೊದಲ ತಿಂಗಳು ಮನೆ ತುಂಬಾ ಜನ. ಈಗ ಯಾರೂ ಇಲ್ಲ. ಶಾಲೆ ಫೀಸ್ ಕಟ್ಟುವ ಸಮಯ, ಅತ್ತಿಗೆ ಹೊಲಿಗೆ ಕೆಲಸ ಹಿಡಿದಿದ್ದಾಳೆ. ಬ್ಲೌಸ್ ಹೊಲಿಸೋಕೆ ಬರುವ ಸಭೆಯ ಹೆಂಗಸರು ಚೌಕಾಸಿ ಮಾಡುತ್ತಾರೆ. ದೇವರ ಗುಣ ಮಾರ್ಪಡುವುದಿಲ್ಲ ಅಂದವರೇ.

ಬಳ್ಳಾರಿ_ಬಿಸಿಲು
ನೋಡಿ, ಇದು. ಇದಕ್ಕೆ ಯಾವ ಅಕ್ವಿನಾಸ್ ಬೇಡ.

ಹಳೇ_ಡೀಕನ್
ಸಭೆಗಳಲ್ಲಿ ವಿಧವೆಯರ ನಿಧಿ ಅಂತ ಇರುತ್ತದೆ. ಅರ್ಜಿ ಕೊಡದೆ ಯಾರೂ ಕೊಡೋದಿಲ್ಲ, ಮತ್ತೆ ನೊಂದವರು ಅರ್ಜಿ ಹಿಡಿದು ಹೋಗೋದಿಲ್ಲ. ತಂಗಿ, ನೀವೇ ಬರೆದು ಕಮಿಟಿ ಸೆಕ್ರೆಟರಿ ಕೈಗೆ ಕೊಡಿ. ನಕಲು ಇಟ್ಟುಕೊಳ್ಳಿ. ಮುಂದಿನ ಕಮಿಟಿ ಸಭೆಯಲ್ಲಿ ಓದಲೇಬೇಕು ಅಂತ ಹೇಳಿ. ಮಕ್ಕಳ ಫೀಸ್‌ಗೆ ಬೇರೆ ಅರ್ಜಿ, ಒಂದರಲ್ಲೇ ಸೇರಿಸಬೇಡಿ, ಸೇರಿಸಿದರೆ ಒಂದಕ್ಕೆ ಮಾತ್ರ ಕೊಡುತ್ತಾರೆ.

ಹಾಲೆಲೂಯ_ಹುಬ್ಬಳ್ಳಿ
ತೋಟದಮನೆ ಸಹೋದರಿ, ಖಾಸಗಿ ಸಂದೇಶ ಕಳಿಸಿದ್ದೇನೆ. ಫೀಸ್ ವಿಷಯ. ಉಪದೇಶ ಇಲ್ಲ ಅದರಲ್ಲಿ.

ತೋಟದಮನೆ
ನೋಡಿದೆ ಸಹೋದರರೇ. ಅತ್ತಿಗೆಯನ್ನು ಕೇಳಿ ಹೇಳುತ್ತೇನೆ, ಸ್ವಾಭಿಮಾನಿ ಅವಳು. ಥ್ಯಾಂಕ್ಸ್.

ಟೀಚರ್, ಕೃತ್ಯಗಳು 12 ಈಗ ಪೂರ್ತಿ ಓದಿದೆ. ಪೇತ್ರ ಬಂದು ಬಾಗಿಲು ತಟ್ಟಿದರೆ ರೋದೆ ಎನ್ನುವ ಹುಡುಗಿ ಖುಷಿಯಲ್ಲಿ ಬಾಗಿಲು ತೆಗೆಯೋದೇ ಮರೆತು ಒಳಗೆ ಓಡುತ್ತಾಳೆ. ಒಳಗೆ ಪ್ರಾರ್ಥಿಸುತ್ತಿದ್ದವರು ನಿನಗೆ ಹುಚ್ಚು ಅನ್ನುತ್ತಾರೆ. ಅವರಿಗೇ ನಂಬಿಕೆ ಇರಲಿಲ್ಲ! ಅಂದರೆ "ನಿಮ್ಮ ನಂಬಿಕೆ ಸಾಲದು" ಅನ್ನೋ ಲೆಕ್ಕ ಇಲ್ಲಿಗೂ ಹೊಂದೋದಿಲ್ಲ.

ಸಂಡೇಸ್ಕೂಲ್_ಟೀಚರ್
ಅದು ನನಗೆ ಹೊಳೆದಿರಲಿಲ್ಲ. ಭಾನುವಾರ ಮಕ್ಕಳಿಗೆ ಹೇಳುತ್ತೇನೆ.

ಪ್ರಶ್ನೆಗಾರ
ಪೂರ್ತಿ ಓದಿದರೆ ಕೊನೆಯೂ ಓದಿರುತ್ತೀರಿ. 23ನೇ ವಚನದಲ್ಲಿ ಹೆರೋದ ಹುಳ ಬಿದ್ದು ಸಾಯುತ್ತಾನೆ. ನನ್ನ ಪ್ರಶ್ನೆ ಇಷ್ಟೇ, ಆ ಹುಳ ಎರಡನೇ ವಚನಕ್ಕೆ ಮುಂಚೆ ಬರಬಾರದಿತ್ತಾ?

ತೋಟದಮನೆ
ನನ್ನದೂ ಅದೇ ಪ್ರಶ್ನೆ. ಇದನ್ನು ಅತ್ತಿಗೆಗೆ ಹಾಗೇ ಓದಿ ಹೇಳುತ್ತೇನೆ, ಅವಳಿಗೆ ನಿಮ್ಮ ಮಾತು ಹಿಡಿಸುತ್ತದೆ.

ಹಳೇ_ಡೀಕನ್
ಅರ್ಜಿ ಮರೀಬೇಡಿ. ಈ ತಿಂಗಳ ಕಮಿಟಿಗೆ ಮುಂಚೆ ಕೊಟ್ಟರೆ ಒಳ್ಳೇದು.

ಮಲ್ನಾಡ್_ಮಗ
ಅಡಿಕೆ ಅಣ್ಣಾ, ಸುಣ್ಣ ಅಂದ್ರೆ ಸುಟ್ಟ ಸುಣ್ಣವಾ, ಅಂಗಡಿ ಪುಡಿಯಾ? ಕೃಷಿ ವಿಭಾಗದಲ್ಲಿ ಕೇಳಿದ್ದೇನೆ, ಅಲ್ಲಿ ಬನ್ನಿ.